ವೈನು ಬಾಪು

ಮನಾಲಿ ಕಲ್ಲಟ್ ವೈನು ಬಾಪು (10 ಆಗಸ್ಟ್ 1927 – 19 ಆಗಸ್ಟ್ 1982) ಭಾರತದ ಖ್ಯಾತ ಖಗೋಳವಿಜ್ಞಾನಿ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಸ್ಥಾಪಕ ನಿರ್ದೇಶಕರು. ಇವರ ಹೆಸರನ್ನು ಹೊತ್ತ ಧೂಮಕೇತುವೊಂದಿದೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷ ಪದವಿಗೇರಿದ ಮೊದಲ ಭಾರತೀಯರೂ ಇವರೇ.

ಬಾಲ್ಯ ಮತ್ತು ಶಿಕ್ಷಣ

ಬಾಪು ಅವರು ಮದರಾಸಿನಲ್ಲಿ ಜನಿಸಿದರು. ಮನೆತನ ಉತ್ತರ ಕೇರಳದ್ದು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದುದರಿಂದ ದೂರದರ್ಶಕ, ನಕ್ಷತ್ರಪಟಗಳು ಬಾಲಕನಿಗೆ ಮನೆಯ ವಸ್ತುಗಳಷ್ಟೇ ಪರಿಚಿತವಾಗಿದ್ದವು. ನಿಜಾಮ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅವರು ಪ್ರಕಾಶ ಏರಿಳಿಯುವ ನಕ್ಷತ್ರಗಳನ್ನು ಗಮನಿಸಿ ಲೇಖನಗಳನ್ನು ಪ್ರಕಟಿಸಿದರು. ಇಂಥ ನಕ್ಷತ್ರಗಳ ಅಧ್ಯಯನ ತಾಳ್ಮೆಯ ಕೆಲಸ. ಒಂದೇ ನಕ್ಷತ್ರವನ್ನು ರಾತ್ರಿಯಿಂದ ರಾತ್ರಿಗೆ ನೆರೆಯ ನಕ್ಷತ್ರಗಳೊಡನೆ ಹೋಲಿಸಿ, ಕಾಲಸಹಿತ ಬರೆದಿಡಬೇಕು. ಮುಂದೆ ಅವರು ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು.

ಧೂಮಕೇತುವಿನ ಶೋಧ

ಹಾರ್ವರ್ಡಿಗೆ ಬಂದು ಕೆಲವೇ ತಿಂಗಳಾಗಿತ್ತು. 1949ರ ಜುಲೈ 2ರಂದು, ಆಕಾಶದ ಛಾಯಾಫಲಕದಲ್ಲಿ ಅದುವರೆಗೆ ಯಾವ ಪಟ್ಟಿಯಲ್ಲಿಯೂ ಇರದ ಧೂಮಕೇತುವೊಂದು ಬಾಪು ಅವರ ಕಣ್ಣಿಗೆ ಬಿತ್ತು. ಪ್ರಾಧ್ಯಾಪಕ ಬಾರ್ಟ್ ಬಾಕ್ ಮತ್ತು ವಿದ್ಯಾರ್ಥಿ ಗಾರ್ಡನ್ ನ್ಯೂಕರ್ಕ್ ಈ ಶೋಧದಲ್ಲಿ ಪಾಲುಗಾರರು.

ಫಲಕದ ಮೇಲೆ ಮಸುಕು ಚುಕ್ಕೆಯೊಂದು ಕಂಡಮಾತ್ರಕ್ಕೆ ಅದು ಶೋಧವೆನಿಸುವುದಿಲ್ಲ. ಅದು ಫಲಕದ ದೋಷವಿರಬಹುದು, ಮೊದಲೇ ತಿಳಿದಿರುವ ನೀಹಾರಿಕೆಯಿರಬಹುದು. ಮತ್ತೊಮ್ಮೆ ನೋಡಿದಾಗ ನಕ್ಷತ್ರಗಳ ನಡುವೆ ಅದು ಜರುಗಿದೆಯೇ ಎಂಬುದನ್ನು ಅಳೆಯಬೇಕು. ಸ್ಥಾನ, ಕಾಲ, ಪ್ರಕಾಶಗಳನ್ನು ಬರೆದು ಕೇಂದ್ರ ಕಚೇರಿಗೆ ಒಡನೆಯೇ ತಿಳಿಸಬೇಕು. ನೋವಾಗಳಿಗೂ ಇದೇ ಕ್ರಮ. ಆದರೆ ಅವು ಜರುಗುವುದಿಲ್ಲ, ಇದ್ದಲ್ಲಿಯೇ ಬೆಳಗಿ ಮಂಕಾಗುತ್ತವೆ. ಆ ದಿನಗಳಲ್ಲಿ ಇಂಥ ವರದಿಗಳನ್ನು ಕೋಪನ್‌ಹೇಗನ್ನಿನಲ್ಲಿದ್ದ ಅಂತರರಾಷ್ಟ್ರೀಯ ತಂತಿ ಕಚೇರಿ ಲೋಕಕ್ಕೆಲ್ಲ ಹಂಚುತ್ತಿತ್ತು; ಅಮೆರಿಕದಲ್ಲಿ ಆ ಕೆಲಸ ಹಾರ್ವರ್ಡಿನದೇ ಆಗಿತ್ತು. ಸುದ್ದಿ ತಲುಪಿದ ಬೇರೆ ವೀಕ್ಷಣಾಲಯಗಳೂ ನೋಡಿ ಅಳೆದರೆ ಮಾತ್ರ ಕಕ್ಷೆಯನ್ನು ಲೆಕ್ಕ ಹಾಕಲು ಸಾಧ್ಯ.

ಈ ಧೂಮಕೇತು ಬಾಪು-ಬಾಕ್-ನ್ಯೂಕರ್ಕ್ ಎಂಬ ಹೆಸರು ಪಡೆಯಿತು. ಸೂರ್ಯನನ್ನು ಒಮ್ಮೆ ಸುತ್ತಲು ಇದಕ್ಕೆ ಸುಮಾರು 60,000 ವರ್ಷ ಬೇಕೆಂದು ಲೆಕ್ಕ ಹಾಕಲಾಯಿತು. ಪೆಸಿಫಿಕ್ ಖಗೋಳ ಸಂಘವು ಬಾಪು ಅವರಿಗೆ ಡೊನ್ಹೊ ಧೂಮಕೇತು ಪದಕವನ್ನು ನೀಡಿತು.

ವಿಲ್ಸನ್-ಬಾಪು ಪರಿಣಾಮ

1952ರಲ್ಲಿ ಡಾಕ್ಟರೇಟ್ ಪಡೆದ ಬಳಿಕ ಬಾಪು ಅವರು ಕಾರ್ನೆಗಿ ಫೆಲೊ ಆಗಿ ಕ್ಯಾಲಿಫೋರ್ನಿಯದ ಪಾಲೊಮಾರ್‌ಗೆ ತೆರಳಿದರು. ಅಲ್ಲಿ ಓಲಿನ್ ವಿಲ್ಸನ್ ಅವರೊಡನೆ ನಕ್ಷತ್ರಗಳ ರೋಹಿತಗಳನ್ನು ಪರೀಕ್ಷಿಸುವಾಗ, ಕ್ಯಾಲ್ಸಿಯಂನ 'ಕೆ' ರೇಖೆಯ ನಡುವೆ ಕಾಣುವ ಉಜ್ವಲ ಗೆರೆಯ ಅಗಲಕ್ಕೂ ನಕ್ಷತ್ರದ ನಿಜ ಪ್ರಕಾಶಕ್ಕೂ ಸಂಬಂಧವಿರುವುದು ಗೊತ್ತಾಯಿತು. ನಿಜ ಪ್ರಕಾಶ ತಿಳಿದರೆ ದೂರವನ್ನೂ ಲೆಕ್ಕ ಹಾಕಬಹುದು. 1957ರಲ್ಲಿ ಪ್ರಕಟವಾದ ಇದು ಅವರ ಅತಿ ಮುಖ್ಯ ವೈಜ್ಞಾನಿಕ ಕೊಡುಗೆ. ಧೂಮಕೇತು ತಂದ ಕೀರ್ತಿಗಿಂತ ಇದರ ತೂಕ ಹೆಚ್ಚು.

ಕೊಡೈಕನಾಲ್, ಕಾವಲೂರು, ಬೆಂಗಳೂರು

ವಿದೇಶದಲ್ಲಿಯೇ ಉಳಿದಿದ್ದರೆ ಜಗತ್ತಿನ ಅತ್ಯುತ್ತಮ ದೂರದರ್ಶಕಗಳು ಅವರ ಕೈಯಳತೆಯಲ್ಲಿರುತ್ತಿದ್ದವು. ಆದರೂ ಅವರು ಸ್ವದೇಶಕ್ಕೆ ಮರಳಿ, ಹೊಸದಾಗಿ ಆರಂಭವಾಗಿದ್ದ ಉತ್ತರ ಪ್ರದೇಶ ರಾಜ್ಯ ವೀಕ್ಷಣಾಲಯವನ್ನು ವಹಿಸಿಕೊಂಡರು. ವಾರಾಣಸಿಯಲ್ಲಿದ್ದ ಅದನ್ನು ನೈನಿತಾಲ್‌ಗೆ ಸ್ಥಳಾಂತರಿಸಲಾಯಿತು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು ಸೂರ್ಯನ ಅಧ್ಯಯನಕ್ಕೆ ಹೆಸರಾದ ಸ್ಥಳ. ಮಂದ ನಕ್ಷತ್ರಗಳನ್ನು ನೋಡಲು ಬೇರೆ ಜಾಗ ಬೇಕಿತ್ತು. ಹುಡುಕಾಟದ ಕೊನೆಗೆ ತಮಿಳುನಾಡಿನ ಜವ್ವಾದು ಬೆಟ್ಟಗಳ ಶ್ರೀಗಂಧದ ಕಾಡಿನ ನಡುವಿನ ಕಾವಲೂರನ್ನು ಆರಿಸಿದರು. 1968ರಲ್ಲಿ ಕೊಡೈಕನಾಲ್‌ನಲ್ಲಿಯೇ ತಯಾರಿಸಿದ 38 ಸೆಂ.ಮೀ. ದೂರದರ್ಶಕದಿಂದ ಅಲ್ಲಿ ಕೆಲಸ ಆರಂಭವಾಯಿತು. 1972ರಲ್ಲಿ 102 ಸೆಂ.ಮೀ. ದೂರದರ್ಶಕ ಬಂದಿತು.

1971ರಲ್ಲಿ ಸ್ವಾಯತ್ತವಾದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕೇಂದ್ರವನ್ನು ಅವರು ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಗೊಳಿಸಿದರು. ಕರ್ನಾಟಕಕ್ಕೆ ಇದೊಂದು ದೊಡ್ಡ ಲಾಭ.

ಹೊಸ ದೂರದರ್ಶಕದ ಫಲ ಬೇಗನೆ ದೊರೆಯಿತು. 1972ರ ಜೂನ್ 7ರಂದು ಗುರುವಿನ ಉಪಗ್ರಹ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿದಾಗ ಕಾವಲೂರು ಮತ್ತು ಇಂಡೊನೇಷ್ಯದ ಲೆಂಬಾಂಗ್‌ಗಳಲ್ಲಿ ಪಡೆದ ದಾಖಲೆಗಳಿಂದ, ಅದಕ್ಕೆ ವಾತಾವರಣವಿದೆಯೆಂದು ವರದಿಯಾಯಿತು. ಅದು ಅಂದು ಊಹಿಸಿದ್ದಕ್ಕಿಂತ ಎಷ್ಟೋ ತೆಳುವೆಂದು ವಾಯೇಜರ್ ನೌಕೆ ಬಳಿಕ ತೋರಿಸಿತು. 1977ರ ಮಾರ್ಚ್ 10ರಂದು ಯುರೇನಸ್ ನಕ್ಷತ್ರವೊಂದರ ಸಮೀಪ ಹಾದುಹೋಗುವಾಗ, ನಿರೀಕ್ಷೆಯಿರದ ಹೊತ್ತಿನಲ್ಲಿ ನಕ್ಷತ್ರದ ಬೆಳಕು ಕುಗ್ಗಿದ್ದನ್ನು ಕಾವಲೂರಿನಲ್ಲಿ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ದಾಖಲಿಸಿದರು. ಅದೇ ರಾತ್ರಿ ಹಿಂದೂ ಮಹಾಸಾಗರದ ಮೇಲೆ ವಿಮಾನದಿಂದ ವೀಕ್ಷಿಸಿದ ಜೇಮ್ಸ್ ಎಲಿಯಟ್ ತಂಡಕ್ಕೆ ಯುರೇನಸ್ಸಿನ ಉಂಗುರಗಳನ್ನು ಕಂಡುಹಿಡಿದ ಶ್ರೇಯ ಸಂದಿದೆ. ಆದರೆ ಕಾವಲೂರಿನದು ಸ್ವತಂತ್ರ ಸಾಕ್ಷ್ಯ ಎಂಬುದನ್ನು ಮರೆಯಬಾರದು. ಭಟ್ಟಾಚಾರ್ಯ ಮತ್ತು ಬಾಪು ಆ ವರ್ಷವೇ ಇದರ ಬಗೆಗೆ 'ನೇಚರ್' ಪತ್ರಿಕೆಯಲ್ಲಿ ಬರೆದರು.

1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದ ಛಾಯಾಪಥ ಅಂಕೋಲೆಯ ಕರಾವಳಿಯಿಂದ ಕರ್ನಾಟಕವನ್ನು ಹಾಯ್ದಿತು. ಉಡುಪಿ, ಕಾಪು, ಕಾರ್ಕಳಗಳಲ್ಲಿ ಪಾರ್ಶ್ವಗ್ರಹಣವಷ್ಟೇ ಕಂಡಿತು. ಅನೇಕರು ಹೆದರಿ ಬಾಗಿಲು ಹಾಕಿಕೊಂಡಿದ್ದ ಆ ದಿನ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿಯ ಬಳಿ ಮತ್ತು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರ ಹೂಡಿ ಗ್ರಹಣವನ್ನು ದಾಖಲಿಸಿದರು.

ಕೊನೆಯ ದಿನಗಳು

ಬಾಪು ಅವರಿಗೆ 1970ರಲ್ಲಿ ಭಟ್ನಾಗರ್ ಪ್ರಶಸ್ತಿ, 1981ರಲ್ಲಿ ಪದ್ಮಭೂಷಣ ಲಭಿಸಿದವು. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. 1982ರ ಆಗಸ್ಟಿನಲ್ಲಿ ಒಕ್ಕೂಟದ ಮಹಾಸಭೆ ಗ್ರೀಸಿನ ಪಾಟ್ರಾಸ್‌ನಲ್ಲಿ ಸೇರಿದ್ದಾಗ ಅಧ್ಯಕ್ಷರು ಮ್ಯೂನಿಕ್‌ನ ಆಸ್ಪತ್ರೆಯಲ್ಲಿದ್ದರು. ಹೃದಯದ ಶಸ್ತ್ರಚಿಕಿತ್ಸೆಯ ಅನಂತರ, 55ನೆಯ ವಯಸ್ಸಿನಲ್ಲಿ ಅವರು ಅಲ್ಲಿಯೇ ನಿಧನರಾದರು.

ಪೂರ್ಣವಾಗಿ ಭಾರತದಲ್ಲಿಯೇ ವಿನ್ಯಾಸಗೊಳಿಸಿ ನಿರ್ಮಿಸಬೇಕೆಂದು ಅವರು ಹಟ ತೊಟ್ಟಿದ್ದ 234 ಸೆಂ.ಮೀ. ದೂರದರ್ಶಕದ ಕೆಲಸ ಆಗ ಮುಗಿದಿರಲಿಲ್ಲ. ಅದರ ದರ್ಪಣವನ್ನು ಬೆಂಗಳೂರಿನಲ್ಲಿ ಉಜ್ಜಿ ಸಿದ್ಧಪಡಿಸಲಾಯಿತು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಕಾವಲೂರಿನ ವೀಕ್ಷಣಾಲಯಕ್ಕೂ ಆ ದೂರದರ್ಶಕಕ್ಕೂ ವೈನು ಬಾಪು ಅವರ ಹೆಸರಿಟ್ಟರು. ಎರಡು ವರ್ಷಗಳ ಬಳಿಕ, 1988ರ ಫೆಬ್ರವರಿಯಲ್ಲಿ, ಆರ್. ರಾಜಮೋಹನ್ ಕಾವಲೂರಿನಿಂದ ಕ್ಷುದ್ರಗ್ರಹವೊಂದನ್ನು ಶೋಧಿಸಿದರು. 4130ನೆಯ ಸಂಖ್ಯೆಯ ಅದಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿದೆ. 2596ನೆಯ ಕ್ಷುದ್ರಗ್ರಹದ ಹೆಸರು ವೈನು ಬಾಪು.