ನೀರಿನ ನಡುವೆ ಹಸಿರು ದ್ವೀಪ: ಟ್ರೆಂಟ್ ಜೋನ್ಸ್ ಉಳಿಸಿಹೋದ ಪ್ರಶ್ನೆ

ಗಾಲ್ಫ್ ಅಂಗಳದ ವಿನ್ಯಾಸವೂ ಒಂದು ವೃತ್ತಿ, ಅದಕ್ಕೂ ಕ್ರಮಬದ್ಧ ಓದು ಬೇಕು ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು ರಾಬರ್ಟ್ ಟ್ರೆಂಟ್ ಜೋನ್ಸ್. ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿ 400ಕ್ಕೂ ಅಧಿಕ ಅಂಗಳಗಳ ಮೇಲೆ ಅವರ ಕೈಯ ಗುರುತಿದೆ. 2000ದ ಜೂನ್ 14ರಂದು ಅವರು ಫ್ಲಾರಿಡಾದಲ್ಲಿ ಕಣ್ಣು ಮುಚ್ಚಿದಾಗ 94ನೆಯ ಹುಟ್ಟುಹಬ್ಬಕ್ಕೆ ಆರೇ ದಿನ ಬಾಕಿಯಿತ್ತು. ಅವರ ಬಾಳು ಮುಗಿಯಿತು, ಆದರೆ ಅವರ ಕೆಲಸದೊಂದಿಗೆ ತಳುಕು ಹಾಕಿಕೊಂಡ ಒಂದು ವಿವಾದ ಮುಗಿಯಲಿಲ್ಲ. ಸುತ್ತಲೂ ನೀರು, ನಡುವೆ ದ್ವೀಪದಂತೆ ಒಂದು ಗ್ರೀನ್: ಇದು ಶ್ರೇಷ್ಠ ವಿನ್ಯಾಸವೋ, ಕಣ್ಕಟ್ಟೋ?

ಗ್ರೀನ್ ಎಂದರೆ ಚೆಂಡು ಬೀಳಬೇಕಾದ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲುಹಾಸು. 18 ಹೋಲ್‌ಗಳ ಅಂಗಳದಲ್ಲಿ ಪ್ರತಿ ಹೋಲಿಗೂ ಇಂತಿಷ್ಟು ಹೊಡೆತ ಎಂಬ ನಿಗದಿಯುಂಟು. ಅದಕ್ಕೆ ಪಾರ್ ಎನ್ನುತ್ತಾರೆ. ಒಂದು ಹೊಡೆತ ಹೆಚ್ಚಾದರೆ ಬೋಗಿ. ಜೋನ್ಸ್ ಅವರ ಜೀವನದ ಸೂತ್ರ ಈ ಎರಡು ಪದಗಳಲ್ಲೇ ಅಡಗಿತ್ತು. ಪಾರ್ ಗಳಿಸುವುದು ಕಷ್ಟವಾಗಿರಬೇಕು, ಬೋಗಿ ಗಳಿಸುವುದು ಸುಲಭವಾಗಿರಬೇಕು ಎಂಬುದೇ ಆ ಸೂತ್ರ. ಪರಿಣತನಿಗೆ ಪರೀಕ್ಷೆ ಇರಲಿ, ಸಾಮಾನ್ಯನಿಗೂ ದಾರಿ ಇರಲಿ ಎಂಬುದು ಅದರ ತಿರುಳು.

ಚೀಲ ಹೊತ್ತ ಹುಡುಗ

1906ರ ಜೂನ್ 20ರಂದು ಇಂಗ್ಲೆಂಡಿನ ಇನ್ಸ್ ಎಂಬ ಊರಿನಲ್ಲಿ ಜನಿಸಿದ ಜೋನ್ಸ್, ಬಾಲ್ಯದಲ್ಲೇ ಕುಟುಂಬದೊಂದಿಗೆ ಅಮೆರಿಕದ ನ್ಯೂಯಾರ್ಕ್ ರಾಜ್ಯಕ್ಕೆ ಬಂದರು. ರಾಚೆಸ್ಟರ್ ನಗರದ ಕ್ಲಬ್ಬಿನಲ್ಲಿ ಕ್ಯಾಡಿಯಾಗಿ ಆಟಗಾರರ ಚೀಲ ಹೊರುತ್ತಲೇ ಆಟ ಕಲಿತರು. ಹದಿಹರೆಯದಲ್ಲೇ ಉತ್ತಮ ಆಟಗಾರನೆಂದು ಹೆಸರು ಪಡೆದರಾದರೂ ಹೊಟ್ಟೆಹುಣ್ಣು ಆ ಕನಸಿಗೆ ಅಡ್ಡ ಬಂತು. ಆಡಲಾಗದಿದ್ದರೆ ಆಡುವ ನೆಲವನ್ನೇ ರೂಪಿಸೋಣ ಎಂದು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಗಾಲ್ಫ್ ವಿನ್ಯಾಸಕ್ಕೆಂದೇ ಪಠ್ಯಕ್ರಮ ಅಲ್ಲಿರಲಿಲ್ಲ. ಭೂದೃಶ್ಯ ವಿನ್ಯಾಸ, ಕೃಷಿ, ತೋಟಗಾರಿಕೆ, ಭೂಮಾಪನ, ಜಲವಿಜ್ಞಾನ ಎಂದು ತಮಗೆ ಬೇಕಾದ ವಿಷಯಗಳನ್ನು ತಾವೇ ಆರಿಸಿ ಓದಿದರು.

ಕೆನಡಾದ ಖ್ಯಾತ ವಿನ್ಯಾಸಕ ಸ್ಟ್ಯಾನ್ಲಿ ಥಾಂಪ್ಸನ್ ಅವರ ಪಾಲುದಾರರಾಗಿ ವೃತ್ತಿ ಆರಂಭಿಸಿದ ಹೊತ್ತಿಗೆ ಆರ್ಥಿಕ ಮಹಾಕುಸಿತ ಎದುರಾಯಿತು. ಹೊಸ ಅಂಗಳ ಕಟ್ಟಿಸುವವರೇ ಇರಲಿಲ್ಲ. ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಗಳನ್ನು ನೆಚ್ಚಿಕೊಂಡು ಸಾರ್ವಜನಿಕ ಅಂಗಳಗಳನ್ನು ನಿರ್ಮಿಸಿ ಜೋನ್ಸ್ ಆ ದಿನಗಳನ್ನು ದಾಟಿದರು. ಯುದ್ಧಾನಂತರ ಅದೃಷ್ಟ ತಿರುಗಿತು. 1948ರಲ್ಲಿ ಅಟ್ಲಾಂಟಾದ ಪೀಚ್‌ಟ್ರೀ ಅಂಗಳಕ್ಕಾಗಿ ದಿಗ್ಗಜ ಆಟಗಾರ ಬಾಬಿ ಜೋನ್ಸ್ ಅವರೊಂದಿಗೆ ಕೈಜೋಡಿಸಿದರು. ಇಬ್ಬರು ಜೋನ್ಸ್‌ಗಳ ನಡುವೆ ಗೊಂದಲ ಬೇಡವೆಂದು ಅಲ್ಲಿಂದ ಮುಂದೆ ಟ್ರೆಂಟ್ ಜೋನ್ಸ್ ಎಂದೇ ಪರಿಚಿತರಾದರು.

ಕಷ್ಟದ ಅಂಗಳ, ಕೋಪದ ಆಟಗಾರರು

1951ರ ಯು.ಎಸ್. ಓಪನ್‌ಗಾಗಿ ಡೆಟ್ರಾಯಿಟ್ ಸಮೀಪದ ಓಕ್‌ಲ್ಯಾಂಡ್ ಹಿಲ್ಸ್ ಅಂಗಳವನ್ನು ಅವರು ತಿದ್ದಿದರು. ವೃತ್ತಿಪರರ ಮೊದಲ ಹೊಡೆತ ಬೀಳುವ ದೂರದಲ್ಲೇ ಮರಳುಗುಂಡಿಗಳನ್ನಿಟ್ಟು ಹಾದಿಯನ್ನು ಕಿರಿದುಗೊಳಿಸಿದರು. ಇಡೀ ಟೂರ್ನಿಯಲ್ಲಿ ಪಾರ್‌ಗಿಂತ ಕಡಿಮೆ ಹೊಡೆತಗಳಲ್ಲಿ ಮುಗಿದ ಸುತ್ತುಗಳು ಎರಡೇ. ಗೆದ್ದ ಬೆನ್ ಹೋಗನ್ ಅವರ ಮೊತ್ತವೂ ಪಾರ್‌ಗಿಂತ ಏಳು ಹೆಚ್ಚಿತ್ತು. ಗಂಡ ತಾನು ಕಟ್ಟಿದ ಅಂಗಳಗಳಲ್ಲೇ ಆಡಿ ಹೊಟ್ಟೆ ಹೊರೆಯಬೇಕಿದ್ದರೆ ಸಂಸಾರ ಗಂಜಿಗೂ ಪರದಾಡಬೇಕಾಗುತ್ತಿತ್ತು ಎಂಬರ್ಥದಲ್ಲಿ ಹೋಗನ್ ಅವರು ಜೋನ್ಸ್ ಅವರ ಪತ್ನಿಯನ್ನು ಛೇಡಿಸಿದ ಪ್ರಸಂಗ ಗಾಲ್ಫ್ ವಲಯದಲ್ಲಿ ಮನೆಮಾತು.

ನ್ಯೂಜೆರ್ಸಿಯ ಬಾಲ್ಟಸ್‌ರಾಲ್ ಕ್ಲಬ್ಬಿನ ಕಥೆ ಇನ್ನೂ ಸ್ವಾರಸ್ಯಕರ. 1954ರ ಯು.ಎಸ್. ಓಪನ್‌ಗೆ ಮುನ್ನ ಅವರು ಅಲ್ಲಿನ ನಾಲ್ಕನೆಯ ಹೋಲನ್ನು ತಿದ್ದಿದಾಗ, ಕೊಳ ದಾಟಿಸುವ ಹೊಡೆತ ಅತಿ ಕಠಿಣವಾಯಿತೆಂದು ಸದಸ್ಯರು ಗೊಣಗಿದರು. ಜೋನ್ಸ್ ತಾವೇ ಹೋಗಿ ಒಂದು ಹೊಡೆತ ಹೊಡೆದರು. ಚೆಂಡು ನೇರವಾಗಿ ಕುಳಿಗೆ ಬಿತ್ತು! ಹೋಲಿನಲ್ಲಿ ಅನ್ಯಾಯವೇನೂ ಇಲ್ಲವೆಂದು ಹೇಳಿ ಅವರು ಚರ್ಚೆಗೆ ತೆರೆ ಎಳೆದರು. ಆದರೆ ಅಲ್ಲಿ ನೀರಿರುವುದು ಗ್ರೀನ್‌ನ ಮುಂದೆ ಮಾತ್ರ. ಚೆಂಡು ತುಸು ಉದ್ದ ಹೋದರೂ ಹಿಂದೆ ನೆಲವಿದೆ, ಆಟ ಮುಂದುವರಿಯುತ್ತದೆ.

ವಿರೋಧವೂ ಕಡಿಮೆಯಿರಲಿಲ್ಲ. 1970ರಲ್ಲಿ ಮಿನ್ನೆಸೋಟದ ಹೇಜಲ್ಟೈನ್ ಅಂಗಳವನ್ನು ಹೊಲಕ್ಕೆ ಹೋಲಿಸಿ ಹೀಗಳೆದ ಡೇವ್ ಹಿಲ್ ದಂಡ ತೆತ್ತರು. ಮುಂದೆ ಆ ಅಂಗಳವನ್ನೂ ತಿದ್ದಬೇಕಾಯಿತು.

ದ್ವೀಪಕ್ಕೆ ಸೇತುವೆ

1963ರಲ್ಲಿ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ಆರಂಭವಾದ ಗೋಲ್ಡನ್ ಹಾರ್ಸ್‌ಶೂ ಅಂಗಳದ 16ನೆಯ ಹೋಲಿಗೆ ಜೋನ್ಸ್ ದ್ವೀಪದ ಗ್ರೀನ್ ಕೊಟ್ಟರು. ಈ ಕಲ್ಪನೆ ಅವರದೇ ಆವಿಷ್ಕಾರವೇನಲ್ಲ. ಬಾಲ್ಟಸ್‌ರಾಲ್‌ನ ಹಳೆಯ ಅಂಗಳದಲ್ಲೇ ಅಂಥದೊಂದಿತ್ತು. ಫ್ಲಾರಿಡಾದ ಪಾಂಟೆ ವೆಡ್ರಾದಲ್ಲಿ ಹರ್ಬರ್ಟ್ ಸ್ಟ್ರಾಂಗ್ ಮೊದಲೇ ಇನ್ನೊಂದನ್ನು ನಿರ್ಮಿಸಿದ್ದರು. ಆದರೆ ಸೂತ್ರಕ್ಕೆ ಹೆಸರಾದ ವಿನ್ಯಾಸಕರೇ ಇದನ್ನು ಕಟ್ಟಿದಾಗ ಪ್ರಶ್ನೆ ಏಳುವುದು ಸಹಜ. ಸುತ್ತಲೂ ನೀರಿರುವಲ್ಲಿ ಸುಲಭದ ಬೋಗಿ ಎಲ್ಲಿಂದ ಬರಬೇಕು? ದುರ್ಬಲ ಆಟಗಾರ ಬಳಸಿ ಹೋಗಲು ಹಾದಿಯಿಲ್ಲ. ಹಾರಿಸಬೇಕು, ಇಲ್ಲವೇ ಚೆಂಡನ್ನು ಮುಳುಗಿಸಬೇಕು.

ಇದಕ್ಕಿಂತ ಭಿನ್ನವಾದ ಉತ್ತರವನ್ನು ಜೋನ್ಸ್ ಅವರೇ ಮೊದಲು ಕೊಟ್ಟಿದ್ದರು. 1947ರಲ್ಲಿ ಆಗಸ್ಟಾ ನ್ಯಾಷನಲ್‌ನ 16ನೆಯ ಹೋಲನ್ನು ಹೊಸದಾಗಿ ರೂಪಿಸಿದಾಗ, ಅವರು ಕೊಳವನ್ನು ಮುಂದೆ ಮತ್ತು ಎಡಬದಿಗೆ ಇಟ್ಟು ಬಲಕ್ಕೆ ನೆಲವನ್ನು ಬಿಟ್ಟರು. ಧೈರ್ಯವಿದ್ದವನು ನೀರಿನ ಅಂಚಿಗೆ ಹೊಡೆಯಬಹುದು, ಅಳುಕಿದವನು ಬಲಕ್ಕೆ ಸರಿಯಬಹುದು. ಆದರೆ ಹಾಗೆ ಸರಿದವನಿಗೆ ಇಳಿಜಾರಿನ ಮೇಲಿಂದ ಮುಂದಿನ ಹೊಡೆತ ಕಷ್ಟ. 2005ರ ಮಾಸ್ಟರ್ಸ್‌ನಲ್ಲಿ ಟೈಗರ್ ವುಡ್ಸ್ ಗ್ರೀನ್‌ನ ಹೊರಗಿನಿಂದ ಮೆಲ್ಲಗೆ ಚಿಮ್ಮಿಸಿದ ಚೆಂಡು ಇಳಿಜಾರಿನಲ್ಲಿ ಉರುಳಿ, ಕುಳಿಯ ಅಂಚಿನಲ್ಲಿ ಕ್ಷಣಕಾಲ ನಿಂತು ಒಳಗೆ ಬಿದ್ದದ್ದು ಇದೇ ಹೋಲಿನಲ್ಲಿ. ಗ್ರೀನ್‌ನ ಸುತ್ತ ನೀರೇ ತುಂಬಿದ್ದರೆ ಆ ಹೊಡೆತವೇ ಹುಟ್ಟುತ್ತಿರಲಿಲ್ಲ. ತಪ್ಪಿದ ಮೇಲೂ ಆಟ ಉಳಿಯಬೇಕು ಎನ್ನುವವರಿಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ದ್ವೀಪದ ಗ್ರೀನ್ ಜಗದ್ವಿಖ್ಯಾತವಾದದ್ದು ಮಾತ್ರ ಜೋನ್ಸ್ ಶೈಲಿಗೆ ಬೆನ್ನು ತಿರುಗಿಸಿದ ಪೀಟ್ ಡೈ ಅವರಿಂದ. ಫ್ಲಾರಿಡಾದಲ್ಲಿ 1980ರಲ್ಲಿ ತೆರೆದ ಟಿಪಿಸಿ ಸಾಗ್ರಾಸ್ ಅಂಗಳ ಕಟ್ಟುವಾಗ 17ನೆಯ ಹೋಲಿನ ಸುತ್ತಲಿನ ಉತ್ತಮ ಮರಳನ್ನೆಲ್ಲ ಅಗೆದು ಬೇರೆಡೆ ಬಳಸಲಾಗಿತ್ತು. ಉಳಿದ ಹಳ್ಳಕ್ಕೆ ನೀರು ತುಂಬಿಸಿ ಗ್ರೀನನ್ನು ದ್ವೀಪವಾಗಿಸುವ ಸಲಹೆ ಕೊಟ್ಟವರು ಅವರ ಪತ್ನಿ ಆಲಿಸ್ ಡೈ. 137 ಗಜಗಳ ಈ ಕಿರುಹೋಲಿನಲ್ಲಿ 2005ರಲ್ಲಿ ಬಾಬ್ ಟ್ವೇ ಎಂಬ ಅನುಭವಿ 12 ಹೊಡೆತ ತೆಗೆದುಕೊಂಡರು. ಪಾರ್ ಕೇವಲ ಮೂರು!

ಇದರ ಪರ ವಾದಿಸುವವರೂ ಸುಮ್ಮನೆ ಕೂರುವುದಿಲ್ಲ. ಅಂತರ ಚಿಕ್ಕದು, ಗಾಳಿಯೊಂದೇ ಶತ್ರು, ಪಂದ್ಯ ಮುಗಿಯಲು ಎರಡೇ ಹೋಲು ಬಾಕಿ. ಮನಸ್ಸಿನ ಸ್ಥೈರ್ಯಕ್ಕೆ ಇಂತಹ ಅಗ್ನಿಪರೀಕ್ಷೆ ಬೇರೆಲ್ಲಿದೆ ಎಂಬುದು ಅವರ ಪ್ರಶ್ನೆ. ವೃತ್ತಿಪರರ ಮಟ್ಟಿಗೆ ಅದು ಒಪ್ಪತಕ್ಕ ಮಾತು. ಆದರೆ ವರ್ಷದ ಉಳಿದ ದಿನಗಳಲ್ಲಿ ಹಣ ತೆತ್ತು ಆಡುವ ಹವ್ಯಾಸಿಗೆ ಅಲ್ಲಿ ಆಯ್ಕೆಯೇ ಇಲ್ಲ. ಈ ಮೋಹ ಮುಂದುವರಿದು 1991ರಲ್ಲಿ ಇಡಾಹೊ ರಾಜ್ಯದ ಕೋರ್ ಡಲೇನ್ ಸರೋವರದಲ್ಲಿ ತೇಲುವ ಗ್ರೀನ್ ಕೂಡ ಬಂತು. ಅದರ ದೂರವನ್ನು ಬದಲಿಸಬಹುದು, ಆಟಗಾರರು ಅಲ್ಲಿಗೆ ದೋಣಿಯಲ್ಲಿ ಹೋಗುತ್ತಾರೆ. ನೆನಪಿನ ಚಿತ್ರ ತೆಗೆಸಿಕೊಳ್ಳಲು ಸೊಗಸಾದ ತಾಣವೇ ಸರಿ. ಆದರೆ ಯೋಚಿಸಿ ಆಡಬೇಕಾದ ಒಗಟು ಅಲ್ಲಿಲ್ಲ.

ಮುಪ್ಪಿನಲ್ಲೂ ಜೋನ್ಸ್ ಕೆಲಸ ಬಿಡಲಿಲ್ಲ. 1987ರಲ್ಲಿ ವಿಶ್ವ ಗಾಲ್ಫ್ ಕೀರ್ತಿಭವನದಲ್ಲಿ ಅವರಿಗೆ ಸ್ಥಾನ ದೊರೆಯಿತು. ಅಲಬಾಮಾ ರಾಜ್ಯದ ನೌಕರರ ಪಿಂಚಣಿ ನಿಧಿಯ ಹಣದಲ್ಲಿ 1990ರ ದಶಕದಲ್ಲಿ ತಲೆಯೆತ್ತಿದ ಸಾರ್ವಜನಿಕ ಅಂಗಳಗಳ ಸರಣಿ ಅವರ ಹೆಸರನ್ನೇ ಹೊತ್ತಿದೆ. ಮಕ್ಕಳಾದ ರಾಬರ್ಟ್ ಜೂನಿಯರ್ ಮತ್ತು ರೀಸ್ ಇಬ್ಬರೂ ತಂದೆಯ ವೃತ್ತಿಯನ್ನೇ ಹಿಡಿದು ಹೆಸರು ಮಾಡಿದರು.

ದ್ವೀಪದ ಗ್ರೀನ್ ಅಳೆಯಲು ಹೊರಗಿನ ಮಾನದಂಡ ಬೇಕಿಲ್ಲ, ಜೋನ್ಸ್ ಅವರ ಸೂತ್ರವೇ ಸಾಕು. ಆ ಅಳತೆಗೆ ಆಗಸ್ಟಾದ ಕೊಳ ನಿಲ್ಲುತ್ತದೆ, ಬಾಲ್ಟಸ್‌ರಾಲ್‌ನ ಕೊಳವೂ ನಿಲ್ಲುತ್ತದೆ. ಅವರದೇ ವಿಲಿಯಮ್ಸ್‌ಬರ್ಗ್ ದ್ವೀಪ ಮಾತ್ರ ನಿಲ್ಲುವುದಿಲ್ಲ. ಹದಿನೆಂಟರಲ್ಲಿ ಒಂದಾಗಿ ಅದು ಹಬ್ಬದೂಟದ ಉಪ್ಪಿನಕಾಯಿಯಂತೆ ರುಚಿ ಹೆಚ್ಚಿಸಬಹುದು. ಉಪ್ಪಿನಕಾಯಿಯನ್ನೇ ಊಟವೆನ್ನಲು ಬಾರದು.