ದಯೆಯನ್ನು ದಫ್ತರಕ್ಕೆ ತಂದ ದಿವಾನರು: ಸರ್ ಮಿರ್ಜಾ ಇಸ್ಮಾಯಿಲ್



ದಯೆ ಎಂದೊಡನೆ ನಮಗೆ ನೆನಪಾಗುವುದು ಹಸಿದು ಬಂದವನಿಗೆ ಅನ್ನ ಹಾಕುವುದು, ಕೈಚಾಚಿದವನಿಗೆ ನಾಲ್ಕು ಕಾಸು ಕೊಡುವುದು. ಅದು ಒಳ್ಳೆಯದೇ. ಆದರೆ ಅಧಿಕಾರ ಕೈಗೆ ಬಂದಾಗ ದಯೆ ಹೇಗಿರಬೇಕು? ಇದನ್ನು ಅರಿಯಬೇಕಾದರೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಬದುಕನ್ನು ಒಮ್ಮೆ ನೋಡಬೇಕು. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳೂ ಆಗ ಅವರ ಆಡಳಿತದಲ್ಲೇ ಇದ್ದ ಊರುಗಳು.

ಮಿರ್ಜಾ ಅವರು ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅವರ ತಾತ ಅಲಿ ಅಸ್ಕರ್ ಅವರು ಪರ್ಷಿಯಾ ದೇಶದ ಶಿರಾಜ್ ನಗರದಿಂದ ಕುದುರೆ ವ್ಯಾಪಾರಕ್ಕಾಗಿ ಬಂದು ಇಲ್ಲಿಯೇ ನೆಲೆ ನಿಂತವರು. ಬಾಲಕ ಇಸ್ಮಾಯಿಲ್ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾದರು. ಅಂದು ಬೆಳೆದ ಸ್ನೇಹ ಮಹಾರಾಜರು 1940ರಲ್ಲಿ ತೀರಿಕೊಳ್ಳುವವರೆಗೂ ಬಾಡಲಿಲ್ಲ. ಪದವಿಯ ನಂತರ ಪೊಲೀಸ್ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ, ಮುಂದೆ ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು. 1941ರವರೆಗೆ ಆ ಹೊಣೆ ಹೊತ್ತರು.

ದಿವಾನರೆಂದರೆ ಕಾಗದಗಳಿಗೆ ರುಜು ಹಾಕುತ್ತಾ ಕುಳಿತವರಲ್ಲ. ಬೆಳಗಾಗುತ್ತಲೇ ಬೀದಿಗಿಳಿದು ಚರಂಡಿ, ಮಾರುಕಟ್ಟೆ, ಆಸ್ಪತ್ರೆ, ಉದ್ಯಾನಗಳನ್ನು ಕಣ್ಣಾರೆ ನೋಡುವುದು ಅವರ ರೂಢಿ. ಬಡವನ ಕಷ್ಟ ವರದಿಯಲ್ಲಿ ಕಾಣುವುದಕ್ಕಿಂತ ಬೀದಿಯಲ್ಲಿ ಬೇಗ ಕಾಣುತ್ತದೆ ಎಂಬುದನ್ನು ಅವರ ನಡೆಯೇ ತೋರಿಸಿತು.

ಅವರ ಕಾಲದ ಕೆಲಸಗಳನ್ನು ನೋಡಿ. ಹೆರಿಗೆಯ ಸಂಕಟದಲ್ಲಿ ಹೆಂಗಸರು ಪ್ರಾಣ ಬಿಡುವುದು ಸಾಮಾನ್ಯವಾಗಿದ್ದ ಆ ದಿನಗಳಲ್ಲಿ, 1935ರಲ್ಲಿ, ಬೆಂಗಳೂರಿನಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿ ವಾಣಿವಿಲಾಸ ಆಸ್ಪತ್ರೆ ಆರಂಭವಾಯಿತು. ಸಮಾಜ ಹುಚ್ಚರೆಂದು ದೂರ ತಳ್ಳಿದವರಿಗೂ ಗಾಳಿ ಬೆಳಕಿನ ಹೊಸ ಮನೆ ಸಿಕ್ಕಿತು. ಅದೇ ದಶಕದಲ್ಲಿ ಹೊಸೂರು ರಸ್ತೆಯಲ್ಲಿ ತಲೆಯೆತ್ತಿದ ಆ ಮಾನಸಿಕ ಆಸ್ಪತ್ರೆಯೇ ಇಂದಿನ ನಿಮ್ಹಾನ್ಸ್‌ನ ತಾಯಿಬೇರು. 1927ರಲ್ಲಿ ನಂಜನಗೂಡು ಬಳಿಯ ಬದನವಾಳಿನಲ್ಲಿ ಖಾದಿ ಕೇಂದ್ರ ಶುರುವಾಗಿ, ನೂಲುವ ಬಡ ಹೆಂಗಸರ ಕೈಗೆ ಕೂಲಿ ಬಂತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಗಿ ರೈತನ ಕಬ್ಬಿಗೆ ನೆಲೆ ಸಿಕ್ಕಿತು. ಭಿಕ್ಷೆ ಕೊಟ್ಟರೆ ಒಂದು ದಿನದ ಹಸಿವು ಹೋದೀತು; ಕೆಲಸ ಕೊಟ್ಟರೆ ಮನೆಯ ಹಸಿವೇ ಹೋಗುತ್ತದೆ.

ಹಾಗೆಂದು ಅವರ ಆಡಳಿತ ಕಲೆಯಿಲ್ಲದ್ದೇನಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ, ನಿಷೇಧವಿದ್ದರೂ ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು. ದಿವಾನರಾದವರು ಆ ರಕ್ತದ ಹೊಣೆಯಿಂದ ಪೂರ್ತಿ ತಪ್ಪಿಸಿಕೊಳ್ಳಲಾರರು. ಆದರೆ ಮುಂದೆ ನಡೆದುದನ್ನೂ ಗಮನಿಸಬೇಕು. ಸರ್ಕಾರ ವಿಚಾರಣಾ ಸಮಿತಿ ನೇಮಿಸಿತು. ಒಂದು ತಿಂಗಳೊಳಗೆ ಸರ್ದಾರ್ ಪಟೇಲರೊಡನೆ ಮಿರ್ಜಾ ಒಪ್ಪಂದ ಮಾಡಿಕೊಂಡರು. ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ದೊರೆಯಿತು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವೂ ಹಾರಬಹುದೆಂದಾಯಿತು. ಹೋದ ಪ್ರಾಣ ಮರಳಲಿಲ್ಲ, ನಿಜ. ಆದರೂ ಹಟ ಹಿಡಿಯುವ ಅಧಿಕಾರಕ್ಕೂ ಬಾಗಲು ಬಲ್ಲ ಅಧಿಕಾರಕ್ಕೂ ಇರುವ ಅಂತರ ಇಲ್ಲಿದೆ.

ಮುಂದೆ ಅವರು ಜೈಪುರದ ಪ್ರಧಾನಮಂತ್ರಿಯಾದರು. ಅಲ್ಲಿನ ಮುಖ್ಯ ರಸ್ತೆ ಈಗಲೂ ಅವರ ಹೆಸರಿನಲ್ಲೇ ಇದೆ. 1946ರಲ್ಲಿ ಹೈದರಾಬಾದಿಗೆ ಹೋದರು. ಭಾರತದೊಡನೆ ಹೊಂದಿಕೊಂಡು ಹೋಗುವುದೇ ಕ್ಷೇಮವೆಂಬ ಅವರ ನಿಲುವು ಅಲ್ಲಿನ ಉಗ್ರವಾದಿಗಳಿಗೆ ಹಿಡಿಸಲಿಲ್ಲ. 1947ರ ಮೇ ತಿಂಗಳಲ್ಲಿ ಹುದ್ದೆ ಬಿಟ್ಟು ಬಂದರು. ದೇಶ ಒಡೆಯುವುದನ್ನು ಅವರು ಎಂದೂ ಒಪ್ಪಲಿಲ್ಲ. 1959ರ ಜನವರಿ 5ರಂದು ಹುಟ್ಟಿದೂರು ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು.

ಓದುಗ ಬಾಂಧವರೇ, ನಾವು ತೆಂಗಿನ ಸೀಮೆಯವರು. ಸಸಿ ನೆಟ್ಟವನು ಫಲಕ್ಕಾಗಿ ವರ್ಷಗಟ್ಟಲೆ ಕಾಯುತ್ತಾನೆ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅವಸರ ಮಾಡಿದರೆ ಕೊಬ್ಬರಿ ಕೆಡುತ್ತದೆ. ಪರರ ನೋವು ನೀಗಿಸುವ ಕೆಲಸವೂ ಹಾಗೆಯೇ. ವಾಣಿವಿಲಾಸ ಆಸ್ಪತ್ರೆಯಲ್ಲಿ ಇಂದು ಹುಟ್ಟುವ ಮಗುವಿಗೆ ಮಿರ್ಜಾ ಯಾರೆಂದು ಗೊತ್ತಿಲ್ಲ. ಗೊತ್ತಿರಬೇಕೆಂದೂ ಇಲ್ಲ.

ನೀವು ದಿವಾನರಾಗಬೇಕಿಲ್ಲ. ಶಾಲೆಯ ಮೇಷ್ಟರಾಗಿ, ಆಸ್ಪತ್ರೆಯ ದಾದಿಯಾಗಿ, ಮಂಡಿಯ ಗುಮಾಸ್ತರಾಗಿ, ತಾಲ್ಲೂಕು ಕಚೇರಿಯ ನೌಕರರಾಗಿ ನಿಮ್ಮ ಮೇಜಿನ ಮುಂದೆ ಒಬ್ಬ ಕಷ್ಟದ ಮನುಷ್ಯ ನಿಂತೇ ನಿಲ್ಲುತ್ತಾನೆ. ಅವನನ್ನು ನಾಳೆ ಬಾ ಎನ್ನದೆ ಇಂದೇ ಕೂರಿಸಿ ಅವನ ಕೆಲಸ ಮುಗಿಸಿಕೊಡಿ. ಅವನ ಜಾತಿ ಮತ ಕೇಳಬೇಡಿ. ಮಿರ್ಜಾ ಅವರ ನೆನಪಿಗೆ ಇದಕ್ಕಿಂತ ದೊಡ್ಡ ಗೌರವ ಬೇರೆ ಬೇಕಿಲ್ಲ.