ಕಾರ್ಲ್ ಲಿನೇಯಸ್

ಕಾರ್ಲ್ ಲಿನೇಯಸ್ (1707–1778) ಸ್ವೀಡನ್ ದೇಶದ ಸುಪ್ರಸಿದ್ಧ ಸಸ್ಯವಿಜ್ಞಾನಿ ಹಾಗೂ ವೈದ್ಯ. ಪ್ರತಿ ಜೀವಿಗೂ ಕುಲ ಮತ್ತು ಪ್ರಭೇದಗಳನ್ನು ಸೂಚಿಸುವ ಎರಡು ಪದಗಳ ಹೆಸರನ್ನು ನೀಡುವ ದ್ವಿನಾಮ ಪದ್ಧತಿಯನ್ನು ಬಳಕೆಗೆ ತಂದವನು ಈತ. ಈ ಪದ್ಧತಿಯ ಅಗತ್ಯವನ್ನೂ ಮಿತಿಯನ್ನೂ ಮ್ಯಾಂಡ್ರೇಕ್ ಎಂಬ ಔಷಧಸಸ್ಯದ ನಾಮಕರಣದಲ್ಲಿ ಸ್ಪಷ್ಟವಾಗಿ ಕಾಣಬಹುದು.

ಜನನ ಮತ್ತು ವಿದ್ಯಾಭ್ಯಾಸ

ಲಿನೇಯಸ್ 1707ರ ಮೇ 23ರಂದು ದಕ್ಷಿಣ ಸ್ವೀಡನ್ನಿನ ರೋಶುಲ್ಟ್ ಎಂಬಲ್ಲಿ ಜನಿಸಿದ. ತಂದೆ ನಿಲ್ಸ್ ಕ್ರೈಸ್ತ ಪಾದ್ರಿ. ತೋಟಗಾರಿಕೆಯಲ್ಲಿ ಅಪಾರ ಆಸಕ್ತಿಯುಳ್ಳವನು. ಲಿನೇಯಸ್ ಎಂಬ ಮನೆತನದ ಹೆಸರನ್ನು ಆತ ತಮ್ಮ ಜಮೀನಿನಲ್ಲಿದ್ದ ಲಿಂಡೆನ್ ಮರದಿಂದ ರೂಪಿಸಿಕೊಂಡಿದ್ದ. ಮಗ ಲುಂಡ್ ಹಾಗೂ ಉಪ್ಸಾಲ ವಿಶ್ವವಿದ್ಯಾಲಯಗಳಲ್ಲಿ ವೈದ್ಯಶಾಸ್ತ್ರ ಅಭ್ಯಾಸ ಮಾಡಿದ. 1732ರಲ್ಲಿ ಲ್ಯಾಪ್‌ಲ್ಯಾಂಡ್ ಪ್ರದೇಶದಲ್ಲಿ ಸಂಚರಿಸಿ ಅಲ್ಲಿನ ಸಸ್ಯಗಳನ್ನು ಸಂಗ್ರಹಿಸಿದ. 1735ರಲ್ಲಿ ಹಾಲೆಂಡಿನಲ್ಲಿ ವೈದ್ಯ ಪದವಿಯನ್ನು ಪಡೆದ. ಅದೇ ವರ್ಷ ಪ್ರಕಟವಾದ ಸಿಸ್ಟೆಮಾ ನ್ಯಾಚುರೇ ಗ್ರಂಥದಲ್ಲಿ ಹೂವಿನ ಕೇಸರ ಮತ್ತು ಶಲಾಕೆಗಳ ಆಧಾರದ ಮೇಲೆ ಸಸ್ಯಗಳನ್ನು ವಿಂಗಡಿಸಿದ. 1741ರಲ್ಲಿ ಉಪ್ಸಾಲದಲ್ಲಿ ಪ್ರಾಧ್ಯಾಪಕನಾದ.

ಹೆಸರುಗಳ ಗೊಂದಲ

ಮ್ಯಾಂಡ್ರೇಕ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳ ಸಸ್ಯ. ಬದನೆ, ಆಲೂಗೆಡ್ಡೆ, ದತ್ತೂರಿಗಳ ಕುಟುಂಬಕ್ಕೆ ಸೇರಿದುದು. ಇದರ ಬೇರು ಕವಲೊಡೆದು ಕೆಲವೊಮ್ಮೆ ಮನುಷ್ಯಾಕೃತಿಯನ್ನು ಹೋಲುವುದರಿಂದ ಇದರ ಸುತ್ತ ಅನೇಕ ದಂತಕಥೆಗಳು ಬೆಳೆದವು. ನೋವು ಶಮನಕ್ಕೂ ನಿದ್ರೆ ಬರಿಸುವುದಕ್ಕೂ ಬಳಸುತ್ತಿದ್ದ ಈ ಬೇರು ಪ್ರಮಾಣ ಮೀರಿದರೆ ಪ್ರಾಣಾಂತಕ. ಆದ್ದರಿಂದ ಹೆಸರಿನ ಗೊಂದಲವು ರೋಗಿಯ ಜೀವಕ್ಕೇ ಅಪಾಯಕಾರಿಯಾಗಿತ್ತು.

ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯೊಸ್ಕೊರಿಡೀಸ್ ಇದರಲ್ಲಿ ಗಂಡು ಮತ್ತು ಹೆಣ್ಣು ಎಂಬ ಎರಡು ಬಗೆಗಳನ್ನು ವರ್ಣಿಸಿದ್ದ. ಇವು ನಿಜವಾದ ಲಿಂಗಭೇದಗಳಲ್ಲ. ಮ್ಯಾಂಡ್ರೇಕಿನ ಪ್ರತಿ ಹೂವಿನಲ್ಲೂ ಕೇಸರ, ಶಲಾಕೆಗಳೆರಡೂ ಇರುತ್ತವೆ. ಈ ಸಸ್ಯ ಸಹಜವಾಗಿ ಬೆಳೆಯದ ಇಂಗ್ಲೆಂಡಿನಲ್ಲಿ ಬ್ರಯೋನಿ ಎಂಬ ಬಳ್ಳಿಯ ಬೇರನ್ನು ಕೆತ್ತಿ ಮ್ಯಾಂಡ್ರೇಕ್ ಎಂದು ಮಾರುತ್ತಿದ್ದರು. ಅದು ಸೌತೆ, ಕುಂಬಳಗಳ ಕುಟುಂಬದ್ದು. ಉತ್ತರ ಅಮೆರಿಕದಲ್ಲಿ ಪೊಡೊಫಿಲಮ್ ಎಂಬ, ಯಾವ ಸಂಬಂಧವೂ ಇಲ್ಲದ ಇನ್ನೊಂದು ವಿಷಸಸ್ಯಕ್ಕೂ ಇದೇ ಹೆಸರು ಬಂದಿತು. ವಿದ್ವಾಂಸರ ಲ್ಯಾಟಿನ್ ಹೆಸರುಗಳಾದರೋ ಸಣ್ಣ ವರ್ಣನೆಗಳಂತಿದ್ದವು. ಸ್ವಿಟ್ಜರ್ಲೆಂಡಿನ ಬೌಹಿನ್ 1623ರಲ್ಲಿ ಒಂದು ಬಗೆಯನ್ನು ದುಂಡು ಹಣ್ಣಿನ ಮ್ಯಾಂಡ್ರಗೊರಾ ಎಂದು ಗುರುತಿಸಿದ್ದ.

ಸ್ಪೀಶೀಸ್ ಪ್ಲಾಂಟೇರಮ್

1753ರಲ್ಲಿ ಪ್ರಕಟವಾದ ಸ್ಪೀಶೀಸ್ ಪ್ಲಾಂಟೇರಮ್ ಗ್ರಂಥದಲ್ಲಿ ಲಿನೇಯಸ್ ಸುಮಾರು 5,900 ಸಸ್ಯಗಳಿಗೆ ಎರಡು ಪದಗಳ ಹೆಸರನ್ನು ನೀಡಿದ. ಮೆಡಿಟರೇನಿಯನ್ ಮ್ಯಾಂಡ್ರೇಕ್ ಮ್ಯಾಂಡ್ರಗೊರಾ ಅಫಿಸಿನೇರಮ್ ಆಯಿತು. ಎರಡನೆಯ ಪದಕ್ಕೆ ಔಷಧದ ಅಂಗಡಿಗಳಿಗೆ ಸಂಬಂಧಿಸಿದುದು ಎಂದರ್ಥ. ಬ್ರಯೋನಿ ಮತ್ತು ಪೊಡೊಫಿಲಮ್ ಪ್ರತ್ಯೇಕ ಕುಲಗಳಾಗಿ ನಿಂತವು. ಆದರೆ ಲಿನೇಯಸ್ ತಾನೇ ಮುಂದೆ ಅಭಿಪ್ರಾಯವನ್ನು ಬದಲಾಯಿಸಿ ಮ್ಯಾಂಡ್ರೇಕನ್ನು ಬೆಲ್ಲಡೋನ ಸಸ್ಯದ ಕುಲಕ್ಕೆ ಸೇರಿಸಿ, ಅಟ್ರೋಪ ಮ್ಯಾಂಡ್ರಗೊರಾ ಎಂದು ಕರೆದ. ಹೀಗೆ ಒಬ್ಬನೇ ಲೇಖಕನಿಂದ ಒಂದೇ ಸಸ್ಯಕ್ಕೆ ಎರಡು ಹೆಸರುಗಳಾದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಬೆರ್ಟೊಲೊನಿ ಶರತ್ಕಾಲದಲ್ಲಿ ಹೂಬಿಡುವ ಬಗೆಯನ್ನು ಮ್ಯಾಂಡ್ರಗೊರಾ ಆಟಮ್ನಾಲಿಸ್ ಎಂದು ಬೇರ್ಪಡಿಸಿದ. 1998ರ ಒಂದು ಪರಿಷ್ಕರಣೆಯು ಮೆಡಿಟರೇನಿಯನ್ ಬಗೆಗಳನ್ನು ಮತ್ತೆ ಒಂದೇ ಪ್ರಭೇದವಾಗಿ ಪರಿಗಣಿಸಿತು. ಇತರ ಕೆಲವು ಸಸ್ಯವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಹೆಸರನ್ನು ನಿರ್ಧರಿಸುವ ನಿಯಮ ಮಾತ್ರ ಖಚಿತವಾಗಿದೆ: ಸಾಮಾನ್ಯವಾಗಿ ಸಸ್ಯಗಳ ಅಧಿಕೃತ ನಾಮಕರಣ 1753ರ ಗ್ರಂಥದಿಂದಲೇ ಆರಂಭವಾಗುತ್ತದೆ, ಮೊದಲು ಪ್ರಕಟವಾದ ಹೆಸರಿಗೆ ಪ್ರಾಶಸ್ತ್ಯವಿದೆ. ಆದ್ದರಿಂದ ಲಿನೇಯಸ್ ಕೈಬಿಟ್ಟ ಮೊದಲ ಹೆಸರೇ ಇಂದು ಮಾನ್ಯವಾಗಿದೆ.

ಕೊನೆಯ ದಿನಗಳು

ಉದಾತ್ತ ಪದವಿ ದೊರೆತ ಮೇಲೆ ಲಿನೇಯಸ್ ಕಾರ್ಲ್ ಫಾನ್ ಲಿನ್ನೆ ಎಂಬ ಹೆಸರನ್ನು ಧರಿಸಿದ. 1778ರ ಜನವರಿ 10ರಂದು ಉಪ್ಸಾಲದಲ್ಲಿ ನಿಧನನಾದ. ಅಲ್ಲಿನ ಪ್ರಧಾನ ಚರ್ಚಿನಲ್ಲಿ ಆತನ ಸಮಾಧಿಯಿದೆ. ಆತನ ಸಸ್ಯಸಂಗ್ರಹ ಹಾಗೂ ಗ್ರಂಥಗಳನ್ನು 1784ರಲ್ಲಿ ಇಂಗ್ಲೆಂಡಿನ ಜೇಮ್ಸ್ ಎಡ್ವರ್ಡ್ ಸ್ಮಿತ್ ಕೊಂಡುಕೊಂಡ. ಅವು ಈಗ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿವೆ. ಹೆಸರುಗಳ ಬಗ್ಗೆ ಸಂದೇಹ ಉಂಟಾದಾಗ ಸಂಶೋಧಕರು ಇಂದಿಗೂ ಅಲ್ಲಿನ ಒಣಸಸ್ಯಗಳನ್ನು ಪರಿಶೀಲಿಸುತ್ತಾರೆ.